ಮನೆಯೊಡೆಯನು ಎಚ್ಚರವಾಗಿರಲಿ



ತಮ್ಮ ಪುನರಾಗಮನದ ಬಗ್ಗೆ ಬೋಧಿಸುವಾಗ ಪ್ರಭು ಯೇಸು ಕಳ್ಳನ ಹೋಲಿಕೆಯನ್ನು ಬಳಸಿದರು (ಮತ್ತಾಯ 24:43). ಬರುವ ವೇಳೆ ತಿಳಿಯದ ಕಾರಣ ಮನೆಯೊಡೆಯನು ಸದಾ ಸಿದ್ಧನಾಗಿರಬೇಕು ಎಂಬುದೇ ಅದರ ತಿರುಳು. ಆ ಕಾಲದ ಸಾಮಾನ್ಯರ ಮನೆಗಳ ಗೋಡೆ ಮಣ್ಣಿನದು; ಕಳ್ಳರು ಗೋಡೆಗೇ ಕನ್ನ ಕೊರೆಯುತ್ತಿದ್ದರು. ಇಂದಿನ ಕಳ್ಳನಿಗೆ ಅಷ್ಟು ಶ್ರಮ ಬೇಕಿಲ್ಲ. ಎಷ್ಟೋ ಸಲ ನಾವೇ ಅವನಿಗೆ ದಾರಿ ತೋರಿಸಿರುತ್ತೇವೆ.

ಕ್ರಿಸ್ಮಸ್ ರಾತ್ರಿಯ ಬಲಿಪೂಜೆ, ಪಾಸ್ಖ ಜಾಗರಣೆ, ಸೆಪ್ಟೆಂಬರ್ 8ರ ವೇಳಾಂಗಣಿ ಹಬ್ಬದ ಯಾತ್ರೆ, ಬಂಧುಗಳ ಮದುವೆ – ಇಂತಹ ದಿನಗಳಲ್ಲಿ ನಾವು ಮನೆಮಂದಿಯೆಲ್ಲ ಹೊರಡುತ್ತೇವೆ. ಇದು ನಮಗೆ ಮಾತ್ರವಲ್ಲ, ಬೀದಿಗೆಲ್ಲ ಗೊತ್ತು. ಕಳ್ಳನು ಒಂದು ಮನೆಯನ್ನು ಆರಿಸುವ ಮುನ್ನ ಸಾಮಾನ್ಯವಾಗಿ ಮೂರು ವಿಷಯ ನೋಡುತ್ತಾನೆ.

ಒಳಗೆ ಜನರಿದ್ದಾರೆಯೇ?

ಗೇಟಿನ ಹೊರಗೆ ನೇತಾಡುವ ದೊಡ್ಡ ಬೀಗ, ಜಗಲಿಯಲ್ಲಿ ರಾಶಿ ಬಿದ್ದ ಪತ್ರಿಕೆಗಳು, ಗುಡಿಸದ ಅಂಗಳ, ಹಗಲಲ್ಲೂ ಉರಿಯುವ ದೀಪ: ಇವೆಲ್ಲ "ಮನೆಯಲ್ಲಿ ಯಾರೂ ಇಲ್ಲ" ಎಂದು ಸಾರುತ್ತವೆ. ಊರಿಗೆ ಹೊರಡುವ ಮೊದಲು ಹಾಲು, ಪತ್ರಿಕೆ ನಿಲ್ಲಿಸಿ. ಗೇಟಿನ ಬೀಗವನ್ನು ಒಳಮುಖವಾಗಿ ಹಾಕಿ. ಸಂಜೆ ದೀಪ ಹಚ್ಚಿ ಬೆಳಿಗ್ಗೆ ಆರಿಸಲು ನೆರೆಯವರಿಗೆ ಹೇಳಿ. ಯಾತ್ರೆಯ ಫೋಟೋಗಳನ್ನು ಮರಳಿ ಬಂದ ಮೇಲೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರೆ ಸಾಕು. ಮಾತೆಯ ಕೃಪೆ ಕಡಿಮೆಯಾಗದು. ಶವಸಂಸ್ಕಾರದ ಪ್ರಕಟಣೆಯಲ್ಲಿ ಮನೆಯ ವಿಳಾಸ, ಹೊರಡುವ ವೇಳೆ ಎರಡೂ ಇರುವುದರಿಂದ ಅಂದು ಒಬ್ಬರಾದರೂ ಮನೆಯಲ್ಲಿ ಉಳಿಯಲಿ.

ಬೇಗ ಒಳನುಗ್ಗಬಹುದೇ?

ಮುಂಬಾಗಿಲಿಗೆ ಬೆಲೆಬಾಳುವ ಬೀಗ ಹಾಕಿ, ಹಿಂಬಾಗಿಲಿಗೆ ಒಂದು ತೆಳುವಾದ ಚಿಲಕ ಬಿಡುವ ಮನೆಗಳೇ ಹೆಚ್ಚು. ಸಣ್ಣ ಸ್ಕ್ರೂಗಳಿಂದ ಕೂರಿಸಿದ ಚಿಲಕವನ್ನು ಹಾರೆಯಿಂದ ಮೀಟಿದರೆ ಬೀಗ ಬೀಗವಾಗಿಯೇ ಇದ್ದು ಬಾಗಿಲು ತೆರೆದುಕೊಳ್ಳುತ್ತದೆ. ಬಾಗಿಲ ಹಲಗೆಯಲ್ಲಿ ಆಚೆಗೆ ತೂರಿ ನಟ್ಟು ಬಿಗಿಯುವ ಬೋಲ್ಟುಗಳನ್ನು ಹಾಕಿಸಿ. ಹಿಂಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಇರಲಿ. ಬಚ್ಚಲುಮನೆಯ ಕಿಟಕಿಯ ಗಾಜಿನ ಪಟ್ಟಿಗಳನ್ನು ಹೊರಗಿನಿಂದ ಒಂದೊಂದಾಗಿ ಎಳೆಯಬಹುದು. ಅದಕ್ಕೆ ಕಬ್ಬಿಣದ ಸರಳು ಬೇಕು. ಏಣಿ, ಹಾರೆ, ಪಿಕಾಸಿಗಳನ್ನು ಅಂಗಳದಲ್ಲಿ ಬಿಡಬೇಡಿ. ಹೂಕುಂಡದ ಕೆಳಗೆ ಕೀಲಿ ಇಡುವ ಗುಟ್ಟು ಕಳ್ಳನಿಗೆ ನಮಗಿಂತ ಮೊದಲೇ ಗೊತ್ತು.

ಯಾರಾದರೂ ನೋಡುವರೇ?

ಎತ್ತರದ ಕಾಂಪೌಂಡು, ದಟ್ಟವಾದ ಬೇಲಿ ನಮಗೆ ಮರೆಯಾದಂತೆ ಕಳ್ಳನಿಗೂ ಮರೆ. ಕಿಟಕಿಯ ಬಳಿಯ ಗಿಡಗಳನ್ನು ಸವರಿ, ಹಿತ್ತಲಿಗೊಂದು ದೀಪ ಹಾಕಿಸಿ. ಆದರೆ ಎಲ್ಲಕ್ಕಿಂತ ದೊಡ್ಡ ಕಾವಲು ನೆರೆಮನೆಯವರ ಕಣ್ಣು. ನೆರೆಯವರೊಡನೆ ಮಾತು ಬಿಟ್ಟವರು ಈ ಹಬ್ಬಕ್ಕೆ ಮುನ್ನ ಹೋಗಿ ಮಾತಾಡಿರಿ. ದೂರದೂರಿಗೆ ಹೋಗುವಾಗ ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿ.

ಬೇಕಿಲ್ಲದ ಒಡವೆ ಮನೆಯಲ್ಲಿರುವುದಕ್ಕಿಂತ ಬ್ಯಾಂಕ್ ಲಾಕರಿನಲ್ಲಿರುವುದು ಲೇಸು. ಆದರೆ 2022ರ ಜನವರಿ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಅಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನಷ್ಟು ಎಂಬುದು ನೆನಪಿರಲಿ. ಆದ್ದರಿಂದ ಒಡವೆಗಳ ಫೋಟೋ ಮತ್ತು ರಸೀದಿಗಳನ್ನು ಬೇರೊಂದು ಕಡೆ ಇಡಿ. ಕಳವಾದದ್ದು ಸಿಕ್ಕಾಗ ನಿಮ್ಮದೆಂದು ತೋರಿಸಲು ಅವೇ ಆಧಾರ. ಮರಳಿ ಬಂದಾಗ ಬಾಗಿಲು ಮುರಿದಿದ್ದರೆ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. ಹೊರಗೆ ನಿಂತು 112ಕ್ಕೆ ಕರೆ ಮಾಡಿ.

ಇನ್ನೊಂದು ಕಳವು

ಕಳವಾದ ಮನೆಯಲ್ಲಿ ಮೊದಲು ಬಾಯಿಗೆ ಬರುವ ಹೆಸರು ಯಾರದು? ಮನೆಗೆಲಸದಾಕೆಯದು, ಇಲ್ಲವೇ ಗಾರೆ ಕೆಲಸಕ್ಕೆ ಬಂದ ಪರವೂರಿನ ಹುಡುಗನದು. ಹದಿನೈದು ದಿನ ಬಿಟ್ಟು ಸರವು ಸೀರೆಯ ಮಡಿಕೆಯಲ್ಲೇ ಸಿಕ್ಕಿತೆನ್ನಿ. ಸರ ಸಿಕ್ಕಿತು, ಆದರೆ ಆಕೆಯ ಹೆಸರು? ಬೀದಿಯಲ್ಲಿ ಹರಡಿದ ಮಾತನ್ನು ಹಿಂದಕ್ಕೆ ಪಡೆಯಲು ಯಾವ ಪೊಲೀಸರಿಂದಲೂ ಆಗದು. ದೇವರ ಏಳನೆಯ ಕಟ್ಟಳೆ ಕಳ್ಳನಿಗೆ ಅನ್ವಯಿಸಿದರೆ, ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆ ನಮಗೆ ಅನ್ವಯಿಸುತ್ತದೆ. ಕಂಡದ್ದನ್ನು ಪೊಲೀಸರಿಗೆ ಹೇಳಿ. ಊಹೆಯನ್ನು ಊರಿಗೆ ಹೇಳಬೇಡಿ. ಈಗಾಗಲೇ ಹೇಳಿದ್ದರೆ, ಪಾಪನಿವೇದನೆ ಮಾಡಿದರಷ್ಟೇ ಸಾಲದು. ಆಕೆಯ ಮನೆಬಾಗಿಲಿಗೆ ಹೋಗಿ ಕ್ಷಮೆ ಕೇಳಬೇಕು, ಕೇಳಿದವರ ಮುಂದೆ ಮಾತನ್ನು ತಿದ್ದಬೇಕು.

ಬಾಗಿಲಿಗೆ ಬೀಗ ಹಾಕುವುದು ವಿಶ್ವಾಸದ ಕೊರತೆಯಲ್ಲ. ನಮಗೊಪ್ಪಿಸಿದ ಮಕ್ಕಳನ್ನೂ ವೃದ್ಧರನ್ನೂ ಕಾಯುವ ಕರ್ತವ್ಯ. ಆದರೆ ಹೃದಯಕ್ಕೂ ಬೀಗ ಹಾಕಬೇಡಿ. ಶಿಲುಬೆಯ ಮೇಲೆ ಪ್ರಭು ಪರಂಧಾಮದ ಮಾತು ಕೊಟ್ಟದ್ದು ಒಬ್ಬ ಅಪರಾಧಿಗೆ (ಲೂಕ 23:43).

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯ ಯಾವ ಬಾಗಿಲು, ಯಾವ ಕಿಟಕಿ ದುರ್ಬಲವಾಗಿದೆ? ಈ ವಾರ ಯಾರು ಸರಿಪಡಿಸುವರು?
2. ನಾವಿಲ್ಲದಾಗ ಮನೆ ನೋಡಿಕೊಳ್ಳುವ ನೆರೆಯವರು ಯಾರು? ಅವರ ಮನೆಯನ್ನು ನಾವು ನೋಡಿಕೊಳ್ಳುತ್ತೇವೆಯೇ?
3. ಆಧಾರವಿಲ್ಲದೆ ನಾವು ಯಾರನ್ನಾದರೂ ಕಳ್ಳರೆಂದು ಕರೆದದ್ದುಂಟೇ?

ಇಂದಿನ ಜಪಸರ ಪ್ರಾರ್ಥನೆಯಲ್ಲಿ ಒಂದು ರಹಸ್ಯವನ್ನು ಕಳವಿನಿಂದ ನೊಂದವರಿಗಾಗಿಯೂ, ಕಳ್ಳತನದ ದಾರಿ ಹಿಡಿದವರ ಮನಪರಿವರ್ತನೆಗಾಗಿಯೂ ಅರ್ಪಿಸೋಣ.