ಹೊಸ್ತಿಲಾಚೆಯ ನೀರು: ಒಂದು ಫ್ಯೋರ್ಡ್ ಉಸಿರಾಡುವುದು ಹೇಗೆ?

ಈ ಸಂಚಿಕೆಯಲ್ಲಿ ನಾವು ನಾರ್ವೆಯ ಪಶ್ಚಿಮ ಕರಾವಳಿಗೆ ಹೋಗೋಣ. ಬರ್ಗೆನ್ ನಗರದ ಉತ್ತರಕ್ಕೆ ಮಾಸ್‌ಫ್ಯೋರ್ಡೆನ್ ಅನ್ನೋ ಕೊಮ್ಯೂನ್ ಇದೆ. ಕೊಮ್ಯೂನ್ ಅಂದ್ರೆ ಸ್ಥಳೀಯ ಆಡಳಿತ, ನಮ್ಮ ಪಂಚಾಯಿತಿ ಇದ್ದ ಹಾಗೆ. ಇಡೀ ಕೊಮ್ಯೂನಿನಲ್ಲಿ ಇರೋದು ಎರಡು ಸಾವಿರಕ್ಕೂ ಕಡಿಮೆ ಜನ. ಮಾಸ್‌ಫ್ಯೋರ್ಡ್‌ನೆಸ್, ಸೋಲ್‌ಹೈಮ್, ಮಾತ್ರೆ (ಹೌದು, ನಮ್ಮ ಮಾತ್ರೆ ಥರಾನೇ ಕೇಳಿಸುತ್ತೆ!) ಇವೆಲ್ಲ ಅಲ್ಲಿನ ಹಳ್ಳಿಗಳು. ಈ ಊರುಗಳ ನಡುವಿನ ಫ್ಯೋರ್ಡ್‌ಗೂ ಮಾಸ್‌ಫ್ಯೋರ್ಡೆನ್ ಅಂತಲೇ ಹೆಸರು.

ಹಿಮನದಿ ಕೊರೆದ ಕಣಿವೆಗೆ ಸಮುದ್ರದ ನೀರು ನುಗ್ಗಿದರೆ ಅದೇ ಫ್ಯೋರ್ಡ್. ಇದರ ಒಳಗಿನ ಆಳ ಸುಮಾರು 490 ಮೀಟರ್. ಆದರೆ ಬಾಯಿಯ ಹತ್ತಿರ ನೆಲ ಮೇಲೆದ್ದಿದೆ. ಅಲ್ಲಿ ಆಳ ಬರೀ 75 ಮೀಟರಿನಷ್ಟು. ಇದನ್ನು ನಾವು ಹೊಸ್ತಿಲು ಅನ್ನೋಣ.

ಈಗ ಪ್ರಶ್ನೆ: ತಳದ ನೀರಿಗೆ ಆಮ್ಲಜನಕ ಎಲ್ಲಿಂದ ಬರಬೇಕು? ಮೇಲಿನಿಂದ ಸುಲಭವಾಗಿ ಬರೋದಿಲ್ಲ. ಹೊಳೆಗಳ ಸಿಹಿನೀರು ಹಗುರ, ಅದು ಮೇಲೆಯೇ ನಿಲ್ಲುತ್ತದೆ, ಕೆಳಗಿನ ಉಪ್ಪುನೀರಿನ ಜೊತೆ ಬೆರೆಯೋದು ಕಡಿಮೆ. ಹೊರಗಿನ ಕಡಲಿನಿಂದ ತಣ್ಣಗಿನ, ಹೆಚ್ಚು ಉಪ್ಪಿನ, ಅಂದ್ರೆ ಭಾರವಾದ ನೀರು ಹೊಸ್ತಿಲು ದಾಟಿ ತಳಕ್ಕೆ ಇಳಿಯಬೇಕು. ಹೊರಗಿನ ನೀರು ಒಳಗಿನದಕ್ಕಿಂತ ಭಾರ ಇದ್ದಾಗ ಮಾತ್ರ ಇದು ಸಾಧ್ಯ. ಅಲ್ಲಿಯವರೆಗೆ ತಳದ ಜೀವಿಗಳು, ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನೇ ಬಳಸುತ್ತಾ ಇರಬೇಕು.

ಆ ಕತ್ತಲಲ್ಲಿ ಜೀವ ಕಡಿಮೆ ಏನಿಲ್ಲ. ಹೊಟ್ಟೆಯ ಕೆಳಗೆ ಬೆಳಕಿನ ಅಂಗಗಳಿರುವ ಮೊರೊಲಿಕಸ್ ಎಂಬ ಬೆರಳುದ್ದದ ಮೀನುಗಳು ಹಗಲು ಆಳದಲ್ಲಿದ್ದು, ಸಂಜೆ ಆಹಾರಕ್ಕಾಗಿ ಮೇಲೇರುತ್ತವೆ. ಬರ್ಗೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಶಕಗಳಿಂದ ಇವನ್ನು ಇಲ್ಲಿ ಗಮನಿಸುತ್ತಾ ಬಂದಿದ್ದಾರೆ. ಹಾಗಾಗಿ ಇಷ್ಟು ಸಣ್ಣ ಊರಿನ ನೀರಿನ ಬಗ್ಗೆ ನಮಗೆ ಬಹಳ ವರ್ಷಗಳ ಅಳತೆ ಸಿಗುತ್ತದೆ.

ಆ ಅಳತೆಗಳನ್ನು ಒಟ್ಟುಗೂಡಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತಳದಲ್ಲಿ ಆಮ್ಲಜನಕ ಇಳಿಯುತ್ತಿದೆ ಅನ್ನೋದು ಅದರ ಸಾರಾಂಶ. ಕಾರಣದ ಬೇರು ಅಟ್ಲಾಂಟಿಕ್‌ನಲ್ಲಿದೆ. ಅಲ್ಲಿಂದ ಬರುವ ನೀರು ಬೆಚ್ಚಗಾದರೆ ಎರಡು ಪೆಟ್ಟು. ಒಂದು, ಬೆಚ್ಚಗಿನ ನೀರಿನಲ್ಲಿ ಕರಗುವ ಆಮ್ಲಜನಕವೇ ಕಡಿಮೆ. ಎರಡು, ಅದು ಹಗುರ. ಹೊಸ್ತಿಲಿನವರೆಗೆ ಬಂದರೂ ತಳಕ್ಕೆ ಇಳಿಯುವುದು ಅಪರೂಪವಾಗುತ್ತದೆ.

ಇದರಿಂದ ಊರಿನವರಿಗೇನು? ಇಲ್ಲಿ ಸಾಲ್ಮನ್ ಸಾಕಣೆ ಇದೆ. ಬಲೆಗೂಡುಗಳಲ್ಲಿನ ಮೀನಿನ ಹಿಕ್ಕೆ, ಉಳಿದ ಆಹಾರ ಕೆಳಗಿಳಿದು ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ತಳದ ನೀರು ಆಗಾಗ ಬದಲಾಗುತ್ತಿದ್ದ ಕಾಲದಲ್ಲಿ ಫ್ಯೋರ್ಡ್ ತಡೆದುಕೊಂಡ ಹೊರೆಯನ್ನು ಇನ್ನು ಮುಂದೆಯೂ ತಡೆದುಕೊಳ್ಳುತ್ತದೆ ಅಂತ ಹೇಳೋಕಾಗಲ್ಲ. ಅಟ್ಲಾಂಟಿಕ್ ಬಿಸಿಯಾಗೋದು ಈ ಪುಟ್ಟ ಕೊಮ್ಯೂನಿನ ಕೈಯಲ್ಲಿಲ್ಲ. ಗೂಡು ಎಲ್ಲಿರಬೇಕು, ಎಷ್ಟಿರಬೇಕು ಅನ್ನೋ ತೀರ್ಮಾನವಾದರೂ ದಡದ ಮೇಲಿರುವವರು ಮಾಡಬಹುದಾದದ್ದು. ಅದಕ್ಕೇ ತಳದ ಅಳತೆ ನಿಲ್ಲಬಾರದು. ಮೇಲಿಂದ ನೋಡಿದರೆ ಫ್ಯೋರ್ಡ್ ಎಂದಿನಂತೆ ಚೆಂದವಾಗಿಯೇ ಕಾಣುತ್ತದೆ.