ಜೀವಕೋಶದ ಉಸಿರು

'ಉಸಿರಾಟ ಎಲ್ಲಿ ನಡೆಯುತ್ತದೆ?' ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಮೂಗನ್ನೋ ಎದೆಯನ್ನೋ ಮುಟ್ಟಿ ತೋರಿಸುತ್ತಿದ್ದರು. ಮೂಗು ಹೆಬ್ಬಾಗಿಲು ಮಾತ್ರ. ನಿಜವಾದ ಉಸಿರಾಟ ನಡೆಯುವುದು ಜೀವಕೋಶಗಳ ಒಳಗೆ. ಕನ್ನಡ-ಮರಾಠಿಗಳು ಕೂಡಿ ಬಾಳುವ ಈ ಶಹಾಪುರದಲ್ಲಿ 'ಶ್ವಸನ' ಎಂಬ ಪದ ಎರಡೂ ಭಾಷೆಗಳಿಗೆ ಸೇರಿದ್ದು ಶಿಕ್ಷಕನಿಗೊಂದು ಅನುಕೂಲವೇ ಸರಿ.

ನಮ್ಮ ಸೀಮೆಯ ಬೆಲ್ಲವನ್ನೇ ತೆಗೆದುಕೊಳ್ಳೋಣ. ಗಾಣದ ಒಲೆಯಲ್ಲಿ ಕಬ್ಬಿನ ಸಿಪ್ಪೆ ಧಗಧಗನೆ ಉರಿದು ಶಾಖವನ್ನೆಲ್ಲ ಒಮ್ಮೆಗೇ ಚೆಲ್ಲುತ್ತದೆ. ನಾವು ತಿಂದ ಬೆಲ್ಲವೂ ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಆದರೆ ಮೈಬಿಸಿಯಲ್ಲೇ, ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಗ್ಲೂಕೋಸಿನ ಒಂದು ಅಣು ಕೋಶದ್ರವ್ಯದಲ್ಲಿ ಒಡೆದು ಪೈರುವಿಕ್ ಆಮ್ಲದ ಎರಡು ಅಣುಗಳಾಗುತ್ತದೆ. ಇದಕ್ಕೆ ಆಮ್ಲಜನಕ ಬೇಡ. ನಿವ್ವಳ ಲಾಭವೂ ಎರಡೇ ಎ.ಟಿ.ಪಿ. ಅಣು. ಎ.ಟಿ.ಪಿ.ಯೆಂದರೆ ಕೋಶದ ಚಿಲ್ಲರೆ ಹಣ. ಅದಿಲ್ಲದೆ ಸ್ನಾಯು ಮಿಡಿಯದು. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಇದನ್ನು ಕಂಡುಹಿಡಿದರು. ಅದೇ ವರ್ಷ ಅಮೆರಿಕದಲ್ಲಿ ಫಿಸ್ಕೆಯವರೊಡನೆ ಇದನ್ನು ಬೇರ್ಪಡಿಸಿದವರು ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾಯರು. ನಮ್ಮ ಪಠ್ಯಪುಸ್ತಕಗಳು ಈ ಹೆಸರನ್ನು ಇನ್ನಷ್ಟು ದೊಡ್ಡದಾಗಿ ಅಚ್ಚುಮಾಡಬೇಕಿತ್ತು.

ಉಳಿದ ಶಕ್ತಿಯೆಲ್ಲ ಹೊರಬರುವುದು ಮೈಟೊಕಾಂಡ್ರಿಯದಲ್ಲಿ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರದಲ್ಲಿ ಇಂಗಾಲ ಬೇರ್ಪಟ್ಟು, ನಾವು ಬಿಡುವ ಉಸಿರಿನಲ್ಲಿ ಹೊರಹೋಗುತ್ತದೆ. ಜಲಜನಕದ ಎಲೆಕ್ಟ್ರಾನುಗಳು ಒಳಪೊರೆಯ ವಾಹಕಗಳಲ್ಲಿ ಕೈಯಿಂದ ಕೈಗೆ ಸಾಗುತ್ತವೆ. ಆ ಬಲದಿಂದ ಪ್ರೋಟಾನುಗಳು ಪೊರೆಯ ಆಚೆಗೆ ಒತ್ತಿನಿಲ್ಲುತ್ತವೆ. ರಾಧಾನಗರಿಯ ಕಟ್ಟೆಯಲ್ಲಿ ತಡೆದ ನೀರು ಇಳಿಯುವಾಗ ಚಕ್ರ ತಿರುಗಿಸಿ ವಿದ್ಯುತ್ತು ಕೊಡುವಂತೆ, ಆ ಪ್ರೋಟಾನುಗಳು ಮರಳುವಾಗ ಎ.ಟಿ.ಪಿ. ತಯಾರಾಗುತ್ತದೆ. ಬಳಲಿದ ಎಲೆಕ್ಟ್ರಾನುಗಳನ್ನು ಕಟ್ಟಕಡೆಗೆ ಸ್ವೀಕರಿಸಿ ನೀರಾಗುವುದೇ ಆಮ್ಲಜನಕದ ಕೆಲಸ. ಅದು ಬಾರದಿದ್ದರೆ ಇಡೀ ಸಾಲು ಸ್ತಬ್ಧ. ಹಳೆಯ ಪುಸ್ತಕಗಳು ಒಟ್ಟು ಗಳಿಕೆಯನ್ನು 38 ಎನ್ನುತ್ತಿದ್ದವು. ಇಂದಿನ ಎಣಿಕೆ ಸುಮಾರು 30ರಿಂದ 32.

ಕೊಲ್ಹಾಪುರದ ಖಾಸಬಾಗ ಮೈದಾನದಲ್ಲಿ ಪೈಲವಾನನು ಎದುರಾಳಿಯನ್ನು ಎತ್ತಿಹಾಕುವ ಕ್ಷಣದಲ್ಲಿ ಆಮ್ಲಜನಕದ ಪೂರೈಕೆ ಸಾಲದು. ಆಗ ಸ್ನಾಯುವು ಲ್ಯಾಕ್ಟಿಕ್ ಆಮ್ಲದ ಅಡ್ಡದಾರಿ ಹಿಡಿಯುತ್ತದೆ. ಕುಸ್ತಿ ಮುಗಿದ ಮೇಲೂ ಆತ ಏದುಸಿರು ಬಿಡುವುದು ಆ ಸಾಲ ತೀರಿಸಲಿಕ್ಕೆ.

ಇನ್ನೊಂದು ಬಗೆಯ ಏದುಸಿರು ನಮ್ಮ ಮನೆಗಳಲ್ಲೇ ಉಂಟು. ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನಿಗೂ, ಎಲೆಕ್ಟ್ರಾನು ಸಾಗಿಸುವ ಎಷ್ಟೋ ವಾಹಕಗಳಿಗೂ ಕಬ್ಬಿಣಾಂಶ ಬೇಕು. ಅದು ಕಡಿಮೆಯಾದ ಬಾಲಕಿಯ ಹೊಟ್ಟೆ ತುಂಬಿದ್ದರೂ ಕೋಶಗಳಲ್ಲಿ ಒಲೆ ಮಂದವಾಗಿಯೇ ಉರಿಯುತ್ತದೆ. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸಿದವಳನ್ನು, ನಾಲ್ಕು ಮೆಟ್ಟಿಲಿಗೇ ಕುಳಿತುಬಿಡುವ ಸೊಸೆಯನ್ನು ಸೋಮಾರಿಯೆನ್ನುವ ಮೊದಲು ಒಮ್ಮೆ ರಕ್ತ ತಪಾಸಣೆ ಮಾಡಿಸಿರಿ.