ಹಬ್ಬದ ಮರುದಿನ ಉಳಿಯುವುದೇನು? ಹೆಗ್ಗೋಡಿನಿಂದ ಒಂದು ಪಾಠ

ಕನ್ನಡ ಸಂಘ ಅಂದರೆ ನಮಗೆ ತಟ್ಟನೆ ನೆನಪಾಗುವುದು ರಾಜ್ಯೋತ್ಸವ, ಹಾಡು, ಕುಣಿತ, ಊಟ. ಇವೆಲ್ಲ ಬೇಕು, ಬೇಡ ಅನ್ನುವವರು ಯಾರು? ಆದರೆ ಮರುದಿನ ಉಳಿಯುವುದು ಕಸದ ಡಬ್ಬಿಯಲ್ಲಿ ಪ್ಲಾಸ್ಟಿಕ್ ಬ್ಯಾನರ್, ಫೋನಿನಲ್ಲಿ ಫೋಟೋ. ವಿದ್ಯಾರ್ಥಿ ಸಂಘದ ಹಣವೂ ಕಡಿಮೆ. ಸದಸ್ಯರೂ ಪದವಿ ಮುಗಿಸಿ ಹೊರಟುಬಿಡುತ್ತಾರೆ. ಹಾಗಾದರೆ ಇರುವ ಹಣವನ್ನು ಯಾವುದಕ್ಕೆ ಹಾಕಬೇಕು? ಇದಕ್ಕೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ಉತ್ತರ ಕೊಡುತ್ತದೆ.

ಸಾಗರದ ಹತ್ತಿರದ ಈ ಅಡಿಕೆ ತೋಟಗಳ ಊರಿನಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಹುಟ್ಟಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಆಗ 17 ವರ್ಷ, ನಮಗಿಂತ ಚಿಕ್ಕವರು! ಸಂಘ ನಾಟಕ ಆಡಿ ಸುಮ್ಮನಾಗಲಿಲ್ಲ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಕಟ್ಟಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಿಂದ 'ತಿರುಗಾಟ' ತಂಡ ಊರೂರಿಗೆ ನಾಟಕ ಒಯ್ಯತೊಡಗಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಲೆಗೆ ಕೊಟ್ಟ ಬೆಂಬಲ ಹೀಗೆ ಶಿಕ್ಷಣವಾಗಿ ಬೆಳೆಯಿತು.

ಅದೇ ಊರಿನ ಆಸುಪಾಸಿನಲ್ಲಿ 1990ರ ದಶಕದಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ 'ಚರಕ' ಎಂಬ ಮಹಿಳಾ ಸಹಕಾರ ಸಂಘ ಬಂತು. ಇಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುತ್ತಾರೆ. ಒಂದು ಬಣ್ಣ ಅಡಿಕೆ ಚೊಗರಿನದು. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಬಿಡುವ ಕೆಂಪು ರಸವೇ ಚೊಗರು. ಅದರ ಒಗರಿಗೆ ಕಾರಣ ಟ್ಯಾನಿನ್; ಹತ್ತಿ ನೂಲಿಗೆ ಬಣ್ಣ ಹಿಡಿಸುವುದೂ ಅದೇ. ತೋಟದ ಕೆಲಸದಲ್ಲಿ ಸಿಗುವ ರಸ ಬಟ್ಟೆಯ ವಿನ್ಯಾಸವಾಯಿತು, ಕೈಗೆ ಕೆಲಸವಾಯಿತು, ಪರಿಸರದ ಪಾಠವೂ ಆಯಿತು.

ಎರಡೂ ಕಡೆ ಸಂಘ ಮಾಡಿದ್ದು ಒಂದೇ: ಸುತ್ತಮುತ್ತ ಏನಿದೆಯೋ ಅದನ್ನೇ ಹಿಡಿದು, ಇನ್ನೊಬ್ಬರಿಗೆ ಕಲಿಸಬಹುದಾದ ಒಂದು ಕಸುಬನ್ನು ಬೆಳೆಸಿದ್ದು.

ಇರ್ವಿಂಗ್‌ನಲ್ಲಿ ಅಡಿಕೆ ಇಲ್ಲ ನಿಜ. ಆದರೆ ಪೆಕಾನ್ ಇದೆ, ಅದು ಟೆಕ್ಸಸ್‌ನ ರಾಜ್ಯವೃಕ್ಷ. ಅಮೆರಿಕದಲ್ಲಿ ಅತಿ ಹೆಚ್ಚು ಹತ್ತಿ ಬೆಳೆಯುವ ರಾಜ್ಯವೂ ಇದೇ. ಪೆಕಾನ್ ಉದುರುವುದು ಸರಿಯಾಗಿ ನಮ್ಮ ರಾಜ್ಯೋತ್ಸವದ ಹೊತ್ತಿಗೆ. ಅದರ ಹೊರಸಿಪ್ಪೆಯಲ್ಲೂ ಟ್ಯಾನಿನ್ ಇರುತ್ತದೆ. ಸಿಪ್ಪೆಯನ್ನು ಒಂದು ಗಂಟೆ ಕುದಿಸಿ, ಸೋಸಿ, ಒದ್ದೆ ಹತ್ತಿ ಬಟ್ಟೆಯನ್ನು ರಾತ್ರಿಯಿಡೀ ನೆನೆಹಾಕಿದರೆ ಕಂದು ಬಣ್ಣ ಹಿಡಿಯುತ್ತದೆ. ಅಡುಗೆಯ ಪಾತ್ರೆ ಬಳಸಬೇಡಿ, ಕೈಗವಸು ಮರೆಯಬೇಡಿ. ಪಾಲಿಯೆಸ್ಟರ್ ತಂದರೆ ಕೆಲಸ ಆಗಲ್ಲ.

ಈ ವರ್ಷ ವೇದಿಕೆಯ ಪರದೆ, ನಾಟಕದ ಉಡುಪು ಹೀಗೆ ಮಾಡಿದರೆ ಹೇಗೆ? ಕನ್ನಡ ಕಲಿಯುವ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳೋಣ. ಒಗರು, ಚೊಗರು, ನೂಲು, ಮಗ್ಗ ಎಂಬ ಪದಗಳು ಕೈಯಿಂದಲೇ ಬಾಯಿಗೆ ಬರುತ್ತವೆ. ಆಮೇಲೆ ಅದೇ ಪರದೆ ಮಡಚಿಕೊಂಡು ಒಂದು ಪುಟ್ಟ ತಿರುಗಾಟ: ಆಸ್ಟಿನ್‌ಗೆ ಕಾರಿನಲ್ಲಿ ಸುಮಾರು ಮೂರು ಗಂಟೆ, ಹ್ಯೂಸ್ಟನ್‌ಗೆ ನಾಲ್ಕು. ಮುಂದಿನ ವರ್ಷ ನಾವು ಇಲ್ಲಿರುತ್ತೇವೋ ಇಲ್ಲವೋ, ಹೊಸದಾಗಿ ಬಂದವರ ಕೈಗೆ ಪರದೆಯನ್ನೂ ಅದನ್ನು ಮಾಡುವ ಬಗೆಯನ್ನೂ ಕೊಟ್ಟು ಹೋಗಬಹುದು.